ಹೆಸರು ಉಜ್ಜುವವನ ಕಣ್ಣು

ಚೀನಾದ ಗುಝೆನ್ ಪೇಟೆ ಬಾಗಿಲು ತೆರೆಯುವ ಹೊತ್ತಿಗೇ ದೀಪದ ಕಾರ್ಖಾನೆಯ ಕ್ವಾಂಗ್ ಯಜಮಾನಿ ಎದುರಂಗಡಿಯ ಹೊಸ ದೀಪಕ್ಕೆ ಮೊಬೈಲ್ ಹಿಡಿದಳು. ಗುಂಡಿ ತಿರುಗಿಸಿ ಬೆಳಕನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದಳು. ಮೊಬೈಲ್ ಪರದೆಯ ಮೇಲೆ ಒಂದೂ ಕಪ್ಪು ಪಟ್ಟೆ ಇಲ್ಲ. ಅವಳ ಮುಖದ ಬೆಳಕೂ ಅಷ್ಟಕ್ಕೇ ಇಳಿಯಿತು.

ದೀಪ ಮಾಡಿ ಬದುಕುವ ಈ ಊರಲ್ಲಿ ಇದರ ಅರ್ಥ ಮಕ್ಕಳಿಗೂ ಗೊತ್ತು. ದೀಪಕ್ಕೆ ಕರೆಂಟು ಅಳೆದು ಕೊಡುವ ಡ್ರೈವರು ಅಗ್ಗದ್ದಾದರೆ, ಅದು ಬೆಳಕು ತಗ್ಗಿಸುವುದೆಂದರೆ ಎಲ್ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವುದು. ಕಣ್ಣು ಮೋಸಹೋಗುತ್ತದೆ, ಕ್ಯಾಮೆರಾ ಮಾತ್ರ ಪಟ್ಟೆ ಹಿಡಿದುಕೊಡುತ್ತದೆ. ಯಜಮಾನಿಯ ಡ್ರೈವರು ಹಾಗಲ್ಲ. ಕರೆಂಟನ್ನು ಕಡಿಯದೆ, ಒಂದೇ ಸಮನೆ ಹರಿಸುತ್ತಲೇ ಒಲೆಯ ಉರಿಯಂತೆ ತಗ್ಗಿಸುತ್ತದೆ. ಗುಟ್ಟು ಇರುವುದು ಅಕ್ಕಿಕಾಳಿನಷ್ಟು ಚಿಕ್ಕ ಒಂದು ಚಿಪ್‌ನಲ್ಲಿ. ಆ ಚಿಪ್ ಯಾವುದೆಂದು ಯಾರಿಗೂ ತಿಳಿಯಬಾರದೆಂದು ಅದು ಬರುವ ಪೆಟ್ಟಿಗೆಯ ಚೀಟಿಯನ್ನು ಯಜಮಾನಿಯೇ ಕಿತ್ತು ಸುಡುತ್ತಾಳೆ. ಚಿಪ್‌ನ ಬೆನ್ನ ಮೇಲಿನ ಹೆಸರನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಳಿಸುವವನು ಯಿನ್ ದೆಗುಯಿ. ಏಳು ವರ್ಷದಿಂದ ಅದೇ ಕೆಲಸ.

"ಎದುರಂಗಡಿಗೂ ನಮ್ಮ ಚಿಪ್ ಹೋಗಿದೆ. ಅದರ ಹೆಸರು ನೋಡಿರೋದು ನಾನು ಒಬ್ಬಳು, ನೀನು ಒಬ್ಬ," ಎಂದಳು ಯಜಮಾನಿ, ಅವನ ಮೇಜಿನ ಮುಂದೆ ನಿಂತು. "ನಾನಂತೂ ಯಾರಿಗೂ ಹೇಳಿಲ್ಲ."

ಯಿನ್ ಉಪ್ಪುಕಾಗದ ಕೆಳಗಿಟ್ಟ. ಕೆಲಸ ಹೋದರೆ ಕಾರ್ಖಾನೆ ಬರೆದುಕೊಡುವ ಕೆಲಸದ ಕಾಗದವೂ ಹೋಯಿತು. ಕಾಗದವಿಲ್ಲದೆ ಹೊರಊರಿನವನ ಮಗಳಿಗೆ ಇಲ್ಲಿನ ಶಾಲೆಯಲ್ಲಿ ಜಾಗವಿಲ್ಲ. ಈ ಊರಿನ ದೀಪವನ್ನೆಲ್ಲ ಹೊರಊರಿನವರ ಕೈಯೇ ಮಾಡಬೇಕು, ಅವರ ಮಕ್ಕಳ ಪುಸ್ತಕದ ಮೇಲೆ ಮಾತ್ರ ಬೆಳಕು ಬೀಳಲು ರುಜು ಬೇಕು.

"ನಾನ್ಯಾಕೆ ಹೇಳ್ಲಿ ಯಜಮಾನಿಯೋರೇ?"

ಬೆಸುಗೆ ಹಾಕುವ ಫಾಂಗ್ ಅಕ್ಕ ತಲೆ ಎತ್ತದೆಯೇ ಮಾತು ಸೇರಿಸಿದಳು. "ನಿನ್ನೆ ಇವನು ಎದುರಂಗಡಿಯವನ ಜೊತೆ ಕೂತು ಅಕ್ಕಿ ಶ್ಯಾವಿಗೆ ತಿಂತಿದ್ದ. ಮೆಣಸಿನಕಾಯಿ ಉಪ್ಪಿನಕಾಯಿ ಬಡಿಸಿದ್ದೂ ಆ ಅಂಗಡಿಯವನೇ."

"ನಮ್ಮ ಹುನಾನ್ ಪ್ರಾಂತ್ಯದವನು, ಅಕ್ಕ."

"ಅದಕ್ಕೇ ಹೇಳಿದ್ದು. ಸುಮ್ಮನೆ ಯಾರು ಬಡಿಸ್ತಾರೆ?"

ಲುವೊ ಮೇಸ್ತ್ರಿಗೆ ಹುರುಪು ಬಂತು. "ಇವನು ಚಿಪ್ ಹಿಡಿಯೋದು ನೋಡಿದ್ದೀರಾ? ಮೂಗಿಗೆ ತಾಗಿಸಿ ನೋಡ್ತಾನೆ. ನಂಬರು ಬಾಯಿಪಾಠ ಮಾಡ್ತಿದ್ದಾನೆ ಅಂತ ನಂಗೆ ಎಂದೋ ಅನುಮಾನ."

ಫಾಂಗ್ ಅಕ್ಕ ಓಡಿಹೋಗಿ ಎದುರಂಗಡಿಯ ದೀಪ ಕೊಂಡು ತಂದಳು. ಮೇಸ್ತ್ರಿ ಅದರ ಹೊಟ್ಟೆ ಬಿಚ್ಚಿದ. ಒಳಗಿದ್ದ ಚಿಪ್‌ನ ಬೆನ್ನು ಬೋಳುತಲೆಯಂತೆ ನುಣ್ಣಗಿತ್ತು.

"ನೋಡಿ, ಉಜ್ಜಿದ್ದಾರೆ. ಕದ್ದ ಮಾಲಲ್ಲದಿದ್ರೆ ಯಾರು ಉಜ್ತಾರೆ?"

"ನಾವೂ ಉಜ್ತೀವಲ್ಲ," ಎಂದ ಯಿನ್.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ನಾವು ಉಜ್ಜೋದು ಕಳ್ಳರ ಭಯಕ್ಕೆ. ಅವರು ಉಜ್ಜೋದು ಕಳ್ಳತನ ಮುಚ್ಚೋಕೆ."

ಈ ತರ್ಕಕ್ಕೆ ಕೆಲಸಗಾರರ ಸಾಲಿನ ಹನ್ನೆರಡೂ ತಲೆ ಹೌದೆಂದು ಅಲ್ಲಾಡಿದವು. ಯಿನ್ ಕಂಗಾಲಾದ. "ನಂಗೆ ಹೆಸರೇ ಗೊತ್ತಿಲ್ಲ ಯಜಮಾನಿಯೋರೇ. ಆಣೆ."

"ಏಳು ವರ್ಷ ಉಜ್ಜಿದವನಿಗೆ ಗೊತ್ತಿಲ್ವಾ?"

"ನೋಡ್ತೀನಿ. ಮನಸ್ಸಲ್ಲಿ ಇಟ್ಕೊಳಲ್ಲ."

"ಹಾಗಾದ್ರೆ ಈಗ ನೋಡಿ ಓದು." ಯಜಮಾನಿ ಉಜ್ಜದ ಚಿಪ್ ಒಂದನ್ನು ಅವನ ಅಂಗೈಗೆ ಹಾಕಿದಳು.

ಯಿನ್ ಅದನ್ನು ದೂರ ಹಿಡಿದ, ಹತ್ತಿರ ತಂದ, ಮೂಗಿಗೆ ತಾಗಿಸಿದ. "ಎಸ್," ಎಂದ. ಯಾರೂ ಅಲ್ಲವೆನ್ನಲಿಲ್ಲ. ಧೈರ್ಯ ಬಂತು. "ಎಂಟು. ಮೂರು. ಆಮೇಲೆ ಇನ್ನೊಂದು ಎಂಟು."

ಫಾಂಗ್ ಅಕ್ಕ ಬಗ್ಗಿ ನೋಡಿದಳು. "ಮಾರಾಯ, ನೀನು ಓದ್ತಿರೋದು ಹೊಟ್ಟೆ ಕಡೆ. ಅಲ್ಲಿ ಏನೂ ಬರೆದೇ ಇಲ್ಲ."

ಸಾಲಿಗೆ ಸಾಲೇ ನಕ್ಕಿತು. ಯಿನ್ ನಗಲಿಲ್ಲ. ಬಚ್ಚಿಟ್ಟದ್ದೆಲ್ಲ ಹೊರಬಂತು: ಉಜ್ಜುವ ಧೂಳಿಗೆ ಕಣ್ಣು ಮಂಜಾಗಿ ನಾಲ್ಕು ವರ್ಷ ಆಗಿತ್ತು. ಪ್ರತಿ ವರ್ಷ ಕಣ್ಣಿನ ತಪಾಸಣೆಯ ಸಾಲಲ್ಲಿ ಮುಂದಿನವನು ಓದಿದ್ದನ್ನು ಕಿವಿಯಲ್ಲಿ ಹಿಡಿದು ತಾನೂ ಒಪ್ಪಿಸಿಬಿಡುತ್ತಿದ್ದ. ಕೆಲಸ ಬೆರಳಿನ ಅಂದಾಜಿನಲ್ಲೇ ನಡೆಯುತ್ತಿತ್ತು.

"ಕಳಿಸ್ಬಿಡ್ತೀರಾ?" ಎಂದ ನೆಲ ನೋಡುತ್ತ.

ಯಜಮಾನಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಹೊಸ ಅಂಗಡಿಗೆ ಬೀಗ ಆರಿಸುವವಳ ನೋಟ ಅದು. "ಯಾಕೆ ಕಳಿಸ್ಲಿ? ಕಣ್ಣಿದ್ದವನು ಎಂದಾದ್ರೂ ಒಂದು ದಿನ ಓದೇ ಓದ್ತಾನೆ. ನಿನ್ನಂಥವನು ಎಲ್ಲಿ ಸಿಗ್ತಾನೆ?"

ಕರಾರಿನ ಕಾಗದ ಸಿದ್ಧವಾಯಿತು. ಮೇಸ್ತ್ರಿ ಓದಿ ಹೇಳಿದ: ಕೆಲಸ ಇರುತ್ತದೆ, ಶಾಲೆಯ ಕಾಗದವೂ ಇರುತ್ತದೆ, ಆದರೆ ಯಿನ್ ದೆಗುಯಿ ಕಾರ್ಖಾನೆಯ ಒಳಗಾಗಲಿ ಹೊರಗಾಗಲಿ ಕನ್ನಡಕ ಹಾಕಕೂಡದು, ಕಣ್ಣಿಗೆ ಔಷಧಿ ಬಿಡಿಸಕೂಡದು.

ಯಿನ್ ಪೆನ್ನು ತೆಗೆದುಕೊಂಡ. ಮಗಳ ಶಾಲೆಯೊಂದೇ ಕಣ್ಣೆದುರಿಗಿತ್ತು. ಸರಸರನೆ ರುಜು ಹಾಕಿದ.

ಮೇಸ್ತ್ರಿ ಕಾಗದವನ್ನು ಮೆಲ್ಲಗೆ ಯಜಮಾನಿಯ ಕಡೆ ತಿರುಗಿಸಿದ. "ನೋಡಿದ್ರಾ? ಸರಿಯಾಗಿ ಗೆರೆ ಮೇಲೇ ಹಾಕಿದ್ದಾನೆ. ಎಲ್ಲಿ ಹಾಕ್ಬೇಕು ಅಂತ ನಾನು ತೋರಿಸಿರ್ಲಿಲ್ಲ."

ಯಜಮಾನಿಯ ಕಣ್ಣು ಮತ್ತೆ ಕಿರಿದಾಯಿತು.

"ಇನ್ನು ಪ್ರತಿ ಸೋಮವಾರ ಇವನ ಕಣ್ಣು ಪರೀಕ್ಷೆ ಮಾಡ್ಸು ಮೇಸ್ತ್ರಿ," ಎಂದಳು. "ಒಂದಕ್ಷರ ಓದಿದ್ರೂ ಅವತ್ತೇ ಆಚೆಗೆ."