ನೆರಳಿನ ಕಂದಾಯ ಮತ್ತು ಹಿತಕಿದ ಬೇಳೆ

ಒಳ್ಳೆಯ ಪುಸ್ತಕವನ್ನು ಇನ್ನೊಬ್ಬರ ತಲೆಗೆ ಹತ್ತಿಸುವುದೇನು ಮಹಾ ಕೆಲಸ? ಹೀಗೆಂದುಕೊಂಡೇ ನಾನು ಕೆಟ್ಟೆ.

ಬಂಗಾರಪೇಟೆ ಸ್ಟೇಷನ್ ಹತ್ತಿರದ ಹಳೇ ಪುಸ್ತಕದಂಗಡಿಯಲ್ಲಿ 'ನೆರಳಿನ ಕಂದಾಯ' ಎಂಬ ಕಾದಂಬರಿ ಮಾಲೆಯ ನಾಲ್ಕೂ ಭಾಗಗಳು ದೂಳು ತಿನ್ನುತ್ತ ಬಿದ್ದಿದ್ದವು. "ಎಲ್ಲಾ ಒಟ್ಗೇ ತಗೊಂಡೋಗಿ ಸಾರ್, ಜಾಗ ಖಾಲಿ ಆಯ್ತದೆ" ಎಂದ ಅಂಗಡಿಯವನು. ಕೆಜಿಎಫ್‌ನ ನಮ್ಮ ಕ್ವಾರ್ಟರ್ಸಿಗೆ ತಂದು ಓದಿದೆ. ಅಬ್ಬಬ್ಬಾ! ಒಂದು ರಾಜ್ಯ. ಅಲ್ಲಿ ಪ್ರಜೆಗಳು ಕಂದಾಯವಾಗಿ ತಮ್ಮ ನೆರಳನ್ನೇ ಕೊಡಬೇಕು. ಕೊಟ್ಟವರ ಮುಖವನ್ನು ಅವರು ಹೆತ್ತ ಮಕ್ಕಳೂ ಮರೆತುಬಿಡುತ್ತಾರೆ. ಮಾರವ್ವ ಎಂಬ ಹೆಂಗಸು ಮಗಳ ನೆರಳನ್ನು ಸೀರೆಯಂತೆ ಮಡಿಸಿ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ನನಗೆ ಮೈ ಜುಮ್ಮೆಂದಿತು. ಫ್ಯಾಕ್ಟರಿಗೆ ಹೋಗುವಾಗ ಬಿಸಿಲಲ್ಲಿ ನನ್ನ ನೆರಳು ಇದೆಯೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡಿಕೊಂಡೆ!

ಇಂಥದ್ದನ್ನು ಬರೆದ ಪುಣ್ಯಾತ್ಮನ ಹೆಸರನ್ನೇ ಯಾರೂ ಕೇಳಿಲ್ಲ. ಇದರ ಬಗ್ಗೆ ಮಾತಾಡಲು ನನಗೆ ಒಬ್ಬರಾದರೂ ಬೇಕಿತ್ತು. ಫ್ಯಾಕ್ಟರಿಯ ಗೆಳೆಯನಿಗೆ ಮೊದಲ ಭಾಗ ಕೊಟ್ಟೆ. ಅವನು ಅದನ್ನು ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟ. ಅದನ್ನು ಕಿತ್ತುಕೊಂಡು ಬಂದು ಹೆಂಡತಿ ಶಾಂತಳ ಮುಂದೆ ಹಿಡಿದೆ. "ದೆವ್ವದ ಪುಸ್ತಕ ಅಡಿಗೆಮನೇಗೆ ತರಬೇಡಿ ಅಂದಿಲ್ವಾ?" ಎಂದಳು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಬೂದಿಕೋಟೆಯಿಂದ ಅತ್ತೆ ಮೂಟೆ ಸಮೇತ ಇಳಿದರು. ನೆನೆಸಿದ ಕಾಳು ಹಿತುಕಿ ಸಿಪ್ಪೆ ಬಿಡಿಸಲು ಅತ್ತೆ, ಶಾಂತಾ, ಪಕ್ಕದ ಮನೆಯ ಸೆಲ್ವಿ ಅಕ್ಕ ವರಾಂಡದಲ್ಲಿ ಬೇಸಿನ್ನಿನ ಸುತ್ತ ಕೂತರು. ನಾನು ಹಿಗ್ಗಿಹೋದೆ. ಕೈ ಕೆಲಸದಲ್ಲಿದೆ, ಕಿವಿ ಖಾಲಿ ಇದೆ, ಎದ್ದು ಓಡುವಂತಿಲ್ಲ! ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡು ಓದತೊಡಗಿದೆ.

ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಆಮೇಲೆ ಕೈಗಳೂ ನಿಂತವು.

"ಪೆಟ್ಟಿಗೇಲಿ ಯಾರಾದ್ರೂ ಬಚ್ಚಿಕ್ತಾರಾ?" ಅತ್ತೆ ಸಿಡುಕಿದರು. "ರಾಗಿ ವಾಡೆ ತಳದಾಗೆ ಇಕ್ಕಿದ್ರೆ ಯಾವ ಅಮಲ್ದಾರನ ಕೈಗೂ ಸಿಕ್ತಿರ್ಲಿಲ್ಲ!"

"ಅಯ್ಯೋ ಪಾವಂ, ಆ ಮಗು ಗತಿ ಏನು ಸಾರ್?" ಎಂದರು ಸೆಲ್ವಿ ಅಕ್ಕ.

ನನಗೆ ಗೆದ್ದ ಅಮಲು ನೆತ್ತಿಗೇರಿತು. "ಇಷ್ಟಕ್ಕೇ ಅಯ್ಯೋ ಅಂದ್ರೆ ಹೇಗೆ? ಮೂರನೇ ಭಾಗದಲ್ಲಿ ಮಾರವ್ವ ತನ್ನ ನೆರಳನ್ನೇ ಕೊಟ್ಟು, ಅಮಲ್ದಾರ ಹಿಡ್ಕೊಂಡು ಹೋದ ಮಗಳನ್ನ ಬಿಡಿಸ್ಕೋತಾಳೆ. ಮನೆಗೆ ಬಂದ್ರೆ ಆ ಮಗಳೇ ಬಾಗಿಲು ತೆಗೆದು, ಯಾರಮ್ಮ ನೀನು ಅಂತಾಳೆ!"

ಸೆಲ್ವಿ ಅಕ್ಕ ಕೈಲಿದ್ದ ಕಾಳನ್ನು ಬೇಸಿನ್ನಿಗೆ ಎಸೆದರು.

"ಅಳಿಯಂದ್ರೆ," ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು, "ಇನ್ಮ್ಯಾಕೆ ಆ ಮಾರವ್ವ ನಗೋದ್ನ ಓದಿದ್ರೂ ನಂಗೆ ಅಳು ಬತ್ತದೆ. ಯಾಕ್ ಮುಂಚೆನೇ ಬಾಯಿ ಬಿಟ್ರಿ?"

ಹೋಯಿತು! ಸಿಕ್ಕ ಮೂವರೂ ಕೈಬಿಟ್ಟು ಹೋದರು. ಬೇಸಿನ್ ಎತ್ತಿಕೊಂಡು ಸೆಲ್ವಿ ಅಕ್ಕನ ವರಾಂಡಕ್ಕೆ ನಡೆದರು. ತಿರುಗಿ ನೋಡಿದರೆ ನನ್ನ ಪುಸ್ತಕಗಳೂ ಇಲ್ಲ!

ಗೋಡೆಯಾಚೆಯಿಂದ ಶಾಂತಳ ದನಿ ಕೇಳಿತು. ಅವಳು ಓದುತ್ತಿದ್ದಳು. ನಾನು ರೈಲು ಅನೌನ್ಸ್‌ಮೆಂಟಿನಂತೆ ಕಿರುಚಿದ್ದ ಸಾಲುಗಳನ್ನೇ ಅವಳು ಮೆಲ್ಲಗೆ, ಉಸಿರು ಬಿಗಿಹಿಡಿದು ಓದುತ್ತಿದ್ದಳು. ಗೊತ್ತಿದ್ದ ಕಥೆಗೇ ನನ್ನ ಕಣ್ಣು ತುಂಬಿತು. ಬೆಕ್ಕಿನಂತೆ ಹೋಗಿ ಬಾಗಿಲಲ್ಲಿ ನಿಂತೆ.

"ಕುಂತ್ಕಳಿ. ಬಾಯಿ ಮಾತ್ರ ತೆಗೆಯಂಗಿಲ್ಲ" ಎಂದ ಅತ್ತೆ ನನ್ನ ಮುಂದೊಂದು ಪಾತ್ರೆ ಕಾಳು ತಳ್ಳಿದರು.

ಆ ಸೀಸನ್ ಮುಗಿಯುವುದರೊಳಗೆ ನಾಲ್ಕೂ ಭಾಗ ಮುಗಿದವು. ಮಗಳು ಬಾಗಿಲು ತೆಗೆಯುವ ಪುಟ ಬಂದಾಗ ಎಲ್ಲರಿಗೂ ಮುಂದಿನದು ಗೊತ್ತಿತ್ತು. ಆದರೂ ಶಾಂತಳ ದನಿ ಒಡೆಯಿತು. "ಇನ್ನೊಂದ್ ಕಿತ ಓದವ್ವ" ಎಂದರು ಅತ್ತೆ. ಎಂಥ ಬರಹ ಸ್ವಾಮಿ! ಕ್ವಾರ್ಟರ್ಸಿನ ಹೆಂಗಸರೆಲ್ಲ ತಮ್ಮ ತಮ್ಮ ಕಾಳಿನೊಂದಿಗೆ ಬಂದು ಸೇರತೊಡಗಿದರು. ನನ್ನ ಎದೆ ಉಬ್ಬಿತು. ಇದೆಲ್ಲ ನಾನು ಹುಡುಕಿ ತಂದ ಪುಸ್ತಕದಿಂದಲ್ಲವೇ?

ಹೊಸದಾಗಿ ಬಂದ ಒಬ್ಬಾಕೆ ನನ್ನನ್ನು ಕಂಡು, "ಇವ್ರೇನಾ ಪುಸ್ತಕ ತಂದೋರು?" ಎಂದು ಕೇಳಿದರು.

"ಚೇ, ಇವ್ರಲ್ಲ! ಅದು ಅತ್ತೆಮ್ಮ ಅವರೆಕಾಯಿ ಜೊತೆ ಬೂದಿಕೋಟೆಯಿಂದ ತಂದಿದ್ದು" ಎಂದರು ಸೆಲ್ವಿ ಅಕ್ಕ. "ಇವ್ರು ಶಾಂತಾ ಯಜಮಾನ್ರು. ಕಾಳು ಚೆನ್ನಾಗಿ ಹಿತುಕ್ತಾರೆ."

ಬಾಯಿ ತೆರೆದೆ. ಅತ್ತೆ ನೋಡಿದರು. ಮುಚ್ಚಿದೆ. ಹೊಸದಾಗಿ ಬಂದಾಕೆ ಬಗ್ಗಿ ನನ್ನ ಪಾತ್ರೆ ನೋಡಿ, "ಅರ್ಧಕ್ಕರ್ಧ ಸಿಪ್ಪೆನೇ ಐತಲ್ಲಮ್ಮ!" ಎಂದರು.