ನಮ್ಮ ಬಲೆಯ ಹದಿಮೂರು ಗೋಲು

ಹಿಂದೆ, ಬಹಳವೇ ಹಿಂದೆ, ಕಂದುಕಾವತಿ ಎಂಬುದೊಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳುವ ಓದುಗರಿಗೆ ಇಷ್ಟು ಹೇಳಿದರೆ ಸಾಕು: ಆ ಕಾಲದ ಮಂತ್ರಿಗಳು ತಾವು ಕೊಟ್ಟ ಹೇಳಿಕೆಯನ್ನು ಅಲ್ಲಗಳೆಯಲು ಮರುದಿನದವರೆಗೆ ಕಾಯುತ್ತಿದ್ದರು. ಅಷ್ಟು ಸಾವಧಾನದ ಕಾಲ. ಅಲ್ಲಿ ಶ್ರೀಮನ್ಮಹಾರಾಜ ಉತ್ತುಂಗವರ್ಮ ಪ್ರಭುಗಳು ರಾಜ್ಯಭಾರ ಮಾಡುತ್ತಿದ್ದರು. ಮಾಡುತ್ತಿದ್ದರೆಂಬುದಕ್ಕೆ ಬೀದಿಯ ಪ್ರತಿ ಕಂಬದ ಮೇಲೂ ಒಂದೊಂದು ಫ್ಲೆಕ್ಸ್ ಸಾಕ್ಷಿ ಹೇಳುತ್ತಿತ್ತು.

ಆ ರಾಜ್ಯದಲ್ಲಿ ಒಂದು ಶಿಷ್ಟಾಚಾರ. ಪ್ರಭುಗಳ ಸನ್ನಿಧಿಯಲ್ಲಿ ಪ್ರಜೆಯಾದವನು ಬೆನ್ನು ತೋರಿಸಕೂಡದು. ಬರುವಾಗ ಅವರ ಕಡೆ ಮುಖ ಮಾಡಿ ಬರಬೇಕು. ಹೋಗುವಾಗಲೂ ಅವರ ಕಡೆಗೇ ಮುಖ ಮಾಡಿ, ಒಂದೊಂದೇ ಹೆಜ್ಜೆ ಹಿಂದಿಡುತ್ತ ಹೋಗಬೇಕು. ಆಸ್ಥಾನದವರು ಇದರಲ್ಲಿ ಎಷ್ಟು ಪಳಗಿದ್ದರೆಂದರೆ, ಕೆಲವು ಇಲಾಖೆಗಳು ಇದೇ ಭಂಗಿಯಲ್ಲಿ ಪ್ರಗತಿ ಸಾಧಿಸಿ ಪ್ರಶಸ್ತಿಯನ್ನೂ ಪಡೆದಿದ್ದವು.

ಇರಲಿ. ನಮ್ಮ ಕಥೆ ಆಸ್ಥಾನದ್ದಲ್ಲ, ಅಕ್ಕಯಮ್ಮನದು. ಅಕ್ಕಯಮ್ಮ ರಾಜಧಾನಿಯ ಕೆಳಪೇಟೆಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಹೆಂಗಸು. ಅಲ್ಲಿನ ಕೆರೆಯಂಗಳದ ಮೈದಾನದ ಗೇಟಿನ ಪಕ್ಕ ಅವಳ ಬುಟ್ಟಿ. ಒಂದು ಕಾಲದಲ್ಲಿ ಆ ಮೈದಾನದಲ್ಲಿ 'ಕೆಳಪೇಟೆ ಇಲೆವೆನ್' ಎಂಬ ಫುಟ್‌ಬಾಲ್ ತಂಡ ಆಡುತ್ತಿತ್ತು. ಅದರ ಒಂದು ಮ್ಯಾಚನ್ನೂ ಅಕ್ಕಯಮ್ಮ ಬಿಟ್ಟವಳಲ್ಲ. ಆಟ ಬಿಸಿಯೇರಿದಾಗ ಗಿರಾಕಿ ಬಂದು ಕಾಸು ಚಾಚಿದರೆ, "ಸುಮ್ಕಿರಪ್ಪ ಕಾರ್ನರ್ ಹೊಡೀತಾವ್ರೆ" ಎಂದು ಗದರುತ್ತಿದ್ದಳು. ಹದಿನೆಂಟು ವರ್ಷದ ಕೆಳಗೆ ತಂಡದ ಕಡತ ಕಾಣೆಯಾಯಿತು. ಕಡತವಿಲ್ಲದ ತಂಡ ಆಡುವಂತಿಲ್ಲವೆಂದು ಕ್ರೀಡಾ ಇಲಾಖೆ ಅದನ್ನು ಮುಚ್ಚಿತು. ಅಂದಿನಿಂದ ಬಯಲಿನಲ್ಲಿ ಪೇಟೆಯ ಹುಡುಗ ಹುಡುಗಿಯರು ತಮ್ಮ ಪಾಡಿಗೆ ಚೆಂಡು ಒದೆಯುವುದು, ಅಕ್ಕಯಮ್ಮ ಗೇಟಿನಿಂದಲೇ "ಪಾಸ್ ಕೊಡೇ ಮಂಕೇ!" ಎಂದು ಕೂಗುವುದು, ಇಷ್ಟೇ ಉಳಿದಿತ್ತು.

ಹೀಗಿರಲು, ಇಲಾಖೆಯಲ್ಲಿ ಒಂದು ಮೇಜು ಬದಲಾಯಿಸುವಾಗ, ಅದರ ಕುಂಟುಗಾಲಿಗೆ ಒತ್ತಾಗಿ ಇಟ್ಟಿದ್ದ ಕಡತ ಸಿಕ್ಕಿತು. ಕ್ರೀಡಾಮಂತ್ರಿ ಅಸ್ತುಸೇನರು ಕೂಡಲೇ ಪತ್ರಿಕಾಗೋಷ್ಠಿ ಕರೆದು, "ಪ್ರಭುಗಳ ದೂರದೃಷ್ಟಿಯಿಂದ ತಂಡ ಪುನರುಜ್ಜೀವನಗೊಂಡಿದೆ" ಎಂದು ಸಾರಿದರು. ತಂಡಕ್ಕೆ 'ಶ್ರೀ ಉತ್ತುಂಗ ರಾಯಲ್ಸ್' ಎಂದು ಮರುನಾಮಕರಣವಾಯಿತು. ಜೊತೆಗೇ ಒಂದು ರಾಜಾಜ್ಞೆಯೂ ಹೊರಟಿತು: ನೆರೆಯ ಪಾರ್ಶ್ವಪುರದ ಮೇಲೆ ಮೊದಲ ಪಂದ್ಯ, ಗೆದ್ದರೆ ಮೈದಾನ ಎಂದೆಂದಿಗೂ ಕೆಳಪೇಟೆಗೆ, ಸೋತರೆ ಅರಮನೆಯ ರಥಗಳಿಗೆ ಪಾರ್ಕಿಂಗ್.

"ಅಲ್ಲಾ ಕಣ್ರಪ್ಪ, ಬಯಲು ಹೋದ್ರೆ ನಮ್ಮ ಮಕ್ಳು ಎಲ್ಲಾಡ್ತವೆ? ಅಟ್ಟದ ಮೇಲಾ?" ಎಂದು ಅಕ್ಕಯಮ್ಮ ಬಂದ ಗಿರಾಕಿಗಳನ್ನೆಲ್ಲ ಕೇಳಿದಳು. ಇನ್ನೇನಿದ್ದರೂ ಹೊಸ ಆಟಗಾರರ ಮೇಲೆಯೇ ಭಾರ.

ಹೊಸ ಆಟಗಾರರು ಬಂದರು. ಅವರನ್ನು ಆರಿಸಲು ಸಮಿತಿ, ಸಮಿತಿಗೆ ಉಪಸಮಿತಿ, ಉಪಸಮಿತಿಗೆ ಊಟ, ಎಲ್ಲವೂ ಕ್ರಮವಾಗಿ ನಡೆದಿತ್ತು. ಗೋಲು ಕಾಯುವ ಗೋಲಿಯಾಗಿ ಮಹಾರಾಣಿಯವರ ತಮ್ಮ ಸುಕುಮಾರದೇವ ಆಯ್ಕೆಯಾದ. ಗೋಲಿಗೆ ಓಡುವ ಕೆಲಸವಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಇನ್ನೊಂಬತ್ತು ಮಂದಿ ಶಿಫಾರಸು ಪತ್ರಗಳ ಬಲದಿಂದ ಬಂದರು. ಹನ್ನೊಂದನೆಯವನು ಮಾತ್ರ ಬಡಗಣ ಸೀಮೆಯಿಂದ ತಾನೇ ನಡೆದುಬಂದ ಎಡಗಾಲಿನ ಯಮನೂರಪ್ಪ. ಹನ್ನೊಂದರ ಪೈಕಿ ಹತ್ತು ತುಂಬಿದ್ದರಿಂದ, ಯಾರೂ ಕೇಳದ ಜಾಗಕ್ಕೆ ಅವನನ್ನು ಹಾಕಿಕೊಂಡರು. ಆ ಜಾಗ ಗೋಲು ಹೊಡೆಯುವವನದು.

ಆಡುವ ಮೊದಲೇ ಎಲ್ಲರಿಗೂ ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪ್ರಾಕ್ಟೀಸಿಗೆಂದು ಇಟ್ಟಿದ್ದ ಇಪ್ಪತ್ತು ದಿನಗಳಲ್ಲಿ ಹದಿನೇಳು ಸನ್ಮಾನಕ್ಕೇ ಹೋದವು. ಉಳಿದ ಮೂರು ದಿನ ಯಮನೂರಪ್ಪ ಒಬ್ಬನೇ ಬಯಲಿಗೆ ಬಂದ. ಅಕ್ಕಯಮ್ಮ ಬುಟ್ಟಿ ಬಿಟ್ಟು ನೋಡುತ್ತ ನಿಂತಳು. ಅವನು ಎಡಗಾಲಲ್ಲಿ ಒದ್ದ ಚೆಂಡು ಗೋಲುಕಂಬದ ಮೂಲೆಗೆ ಹೇಳಿಮಾಡಿಸಿದ ಹಾಗೆ ಹೋಗಿ ಬೀಳುತ್ತಿತ್ತು.

"ಯಾವೂರಪ್ಪ ನಿಂದು?" ಎಂದಳು, ಒಂದು ಪೊಟ್ಟಣ ಕಡಲೆಕಾಯಿ ಅವನ ಕೈಗಿಟ್ಟು.

"ಬಾಳ ದೂರ ಐತಿ ಬಿಡ್ರಿ ಯಕ್ಕಾ. ಆಡಾಕ ಬಂದೀನಿ. ನಿಮ್ಮೂರಾಗ ಬರೇ ಹಾರಾನ ಹಾಕ್ತಾರಲ್ರಿ, ಚೆಂಡು ಯಾವಾಗ ಕೊಡ್ತಾರ?"

"ಕೊಡ್ತಾರೆ, ಕೊಡ್ತಾರೆ. ನೀನೊಬ್ಬ ಇದ್ದೀಯಲ್ಲ, ಸಾಕು ಬಿಡು" ಎಂದಳು ಅಕ್ಕಯಮ್ಮ. ಆ ದಿನ ಅವಳು ಮನೆಗೆ ಹೋಗುತ್ತ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು: ಎಡಗಾಲೋನು ಬಂದವ್ನೆ, ಬಯಲು ಉಳೀತು.

ಪಂದ್ಯದ ದಿನ ಕೆಳಪೇಟೆಯೆಲ್ಲ ಮೈದಾನಕ್ಕೆ ಇಳಿದಿತ್ತು. ಪ್ರಭುಗಳು ಅಂಬಾರಿಯಲ್ಲಿ ಬಂದರು. ಪೂರ್ವದ ಗೋಲಿನ ಹಿಂದೆ ಒಂದು ಹೊಂಗೆ ಮರವಿತ್ತು, ನೆರಳು ಚೆನ್ನಾಗಿತ್ತು. ಸಿಂಹಾಸನವನ್ನು ಅಲ್ಲೇ ಇಟ್ಟರು. ಅದು ನಮ್ಮ ತಂಡದ ಗೋಲು. ಸೀಟಿ ಊದಿದ ಕ್ಷಣದಲ್ಲಿ ಅಕ್ಕಯಮ್ಮನಿಗೆ ಗೊತ್ತಾಯಿತು, ಏನೋ ಎಡವಟ್ಟಾಗಿದೆ.

ನಮ್ಮ ಹನ್ನೊಂದು ಮಂದಿಯೂ ಪ್ರಭುಗಳ ಕಡೆಗೆ, ಅಂದರೆ ತಮ್ಮದೇ ಗೋಲಿನ ಕಡೆಗೆ, ಮುಖ ಮಾಡಿ ನಿಂತಿದ್ದರು. ಎದುರಾಳಿಯ ಗೋಲಿಗೆ ಹೋಗಬೇಕಾದರೆ ತಿರುಗಬೇಕು; ತಿರುಗಿದರೆ ಪ್ರಭುಗಳಿಗೆ ಬೆನ್ನು. ಆದ್ದರಿಂದ ಅವರು ಹಿಮ್ಮುಖವಾಗಿ ಹೆಜ್ಜೆ ಇಡುತ್ತ, ಚೆಂಡನ್ನು ಹಿಮ್ಮಡಿಯಲ್ಲಿ ತಳ್ಳುತ್ತ ಮುನ್ನಡೆಯಲು ನೋಡಿದರು. ಗೋಲಿ ಸುಕುಮಾರದೇವನಂತೂ ಬಲೆಯ ಕಡೆ ತಿರುಗಿ, ಭಾವನವರಿಗೆ ಕೈಮುಗಿದು, ಪರಮ ಭಕ್ತಿಯಿಂದ ನಿಂತುಬಿಟ್ಟ. ಪಾರ್ಶ್ವಪುರದವರು ಪರದೇಶದವರು, ಅವರಿಗೆ ಈ ಶಿಷ್ಟಾಚಾರ ಅನ್ವಯಿಸದು. ಅನ್ವಯಿಸಿದ್ದರೂ ಅವರು ಓಡಿಬರುತ್ತಿದ್ದುದು ಪ್ರಭುಗಳ ಕಡೆಗೇ. ಮೊದಲ ಗೋಲು ಸುಕುಮಾರದೇವನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಅವನು ಅದಕ್ಕೂ ಕೈಮುಗಿದ.

ಅರ್ಧ ಆಟ ಮುಗಿಯುವಾಗ ಏಳು ಗೋಲು. ಕೆಳಪೇಟೆಯವರು ತಲೆಯ ಮೇಲೆ ಕೈ ಹೊತ್ತು ಕೂತರು. ಅಕ್ಕಯಮ್ಮ ಮಾತ್ರ ಬೆರಳೆತ್ತಿ ಪೂರ್ವ, ಪಶ್ಚಿಮ ತೋರಿಸುತ್ತ ಏನೋ ಲೆಕ್ಕ ಹಾಕಿದಳು, ಹಾಕಿದವಳೇ ಎದ್ದಳು.

"ಅಯ್ಯೋ ಮಂಕುಗಳಾ, ಈಗ ಕಡೆ ಬದ್ಲಾಯ್ತದೆ! ದೊರೆ ಅಲ್ಲೇ ಕೂತಿದ್ರೆ ಅದು ಅವರ ಗೋಲಾಯ್ತದೆ. ನಮ್ಮೋರು ದೊರೆ ಮಖ ನೋಡ್ಕೊಂಡೇ ಮುಂದಕ್ಕೆ ನುಗ್ಬೋದು. ಯಮನೂರ ಎಂಟು ಹೊಡೀತಾನೆ ನೋಡ್ತಿರಿ!"

ಜನ ಎದ್ದು ಕೂತರು. ಅಷ್ಟರಲ್ಲಿ ಹೊಂಗೆಯ ಮರದಡಿ ಗಡಿಬಿಡಿ ಶುರುವಾಯಿತು. ಎಂಟು ಜನ ಆಳುಗಳು ಸಿಂಹಾಸನಕ್ಕೆ ಹೆಗಲು ಕೊಡುತ್ತಿದ್ದರು. ಅಕ್ಕಯಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು.

"ಬುದ್ಧೀ, ಎಲ್ಲಿಗೋಯ್ತಿದ್ದೀರಾ? ನೆರಳಲ್ಲಿ ಇಲ್ಲೇ ಕುಂತ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದರ್ಧ ಆಟ ಇಲ್ಲೇ ಇರಿ."

ಪ್ರಭುಗಳು ಮಂತ್ರಿಯ ಕಡೆ ನೋಡಿದರು. ಅಸ್ತುಸೇನರು ಬಾಗಿ, "ಪ್ರಭು, ತಾವು ಆಸೀನರಾದ ಕಡೆಯಲ್ಲೇ ಏಳಕ್ಕೆ ಏಳು ಗೋಲೂ ಬಿದ್ದಿವೆ. ಆಚೆ ತುದಿಯಲ್ಲಿ ಶೂನ್ಯ. ಇದು ಸನ್ನಿಧಿಯ ಮಹಿಮೆಯಲ್ಲದೆ ಮತ್ತೇನು? ತಜ್ಞರ ವರದಿಯ ಪ್ರಕಾರ ಮುಂದಿನ ಗೋಲುಗಳು ಆ ತುದಿಯಲ್ಲಿ ಬೀಳಲಿವೆ. ತಾವು ಅಲ್ಲಿಗೆ ಚಿತ್ತೈಸಿದರೆ ಅವನ್ನು ಹತ್ತಿರದಿಂದ ಅವಲೋಕಿಸಬಹುದು" ಎಂದರು.

"ನಮಗೆ ಗೋಲು ಬೀಳುವುದನ್ನು ನೋಡಲು ಬಹಳ ಇಷ್ಟ" ಎಂದರು ಪ್ರಭುಗಳು ಮಗುವಿನಂತೆ ನಗುತ್ತ.

"ಬುದ್ಧಿ, ಬಿದ್ದಿರೋದು ನಮ್ಮೇಲೆ! ನಾವು ಸೋಲ್ತಾ ಇದ್ದೀವಿ!"

ಆಸ್ಥಾನ ಬೆಚ್ಚಿತು. ಆ ಶಬ್ದವನ್ನು ಸನ್ನಿಧಿಯಲ್ಲಿ ಯಾರೂ ಉಚ್ಚರಿಸಿರಲಿಲ್ಲ. ಅಸ್ತುಸೇನರು ಮೃದುವಾಗಿ, "ಪಾಪ, ಬಿಸಿಲಿಗೆ ತಲೆ ಕೆಟ್ಟಿದೆ ಪ್ರಭು, ಆರೋಗ್ಯ ಕಾರ್ಡ್ ಕೊಡಿಸೋಣ" ಎಂದರು. ಸಿಂಹಾಸನ ಓಲಾಡುತ್ತ ಪಶ್ಚಿಮದ ತುದಿಗೆ ಹೋಯಿತು. ನಮ್ಮ ತಂಡವೂ ಅದರ ಕಡೆಗೆ ಮುಖ ತಿರುಗಿಸಿತು, ಅಂದರೆ ಮತ್ತೆ ತನ್ನದೇ ಗೋಲಿನ ಕಡೆಗೆ. ಸುಕುಮಾರದೇವ ಹೊಸ ಬಲೆಯ ಮುಂದೆ ಹಳೆಯ ಭಕ್ತಿಯಿಂದ ಕೈಮುಗಿದ. ಎಂಟು, ಒಂಬತ್ತು, ಹತ್ತು ಆಯಿತು. ಹದಿಮೂರಾಯಿತು.

ಇನ್ನೇನು ಆಟ ಮುಗಿಯಬೇಕು. ಯಮನೂರಪ್ಪನ ಕಾಲಿಗೆ ಚೆಂಡು ಬಂತು. ಅವನು ಹಿಮ್ಮುಖವಾಗಿ ನಿಂತು ಒದ್ದಾಡುತ್ತಿದ್ದ. ಅಕ್ಕಯಮ್ಮನಿಗೆ ತಡೆಯಲಾಗಲಿಲ್ಲ. ಹಗ್ಗದ ಬೇಲಿಗೆ ಆತುಕೊಂಡು, ಗಂಟಲು ಹರಿಯುವ ಹಾಗೆ ಕೂಗಿದಳು.

"ತಿರುಗೋ ಯಮನೂರಾ! ಏನಾದ್ರಾಗ್ಲಿ, ತಿರುಗೋ!"

ಯಮನೂರಪ್ಪ ತಿರುಗಿದ.

ಅವನ ಬೆನ್ನನ್ನು ಪ್ರಭುಗಳು ನೋಡಿದರು, ಮಂತ್ರಿಗಳು ನೋಡಿದರು, ಇಡೀ ಆಸ್ಥಾನ ನೋಡಿತು. ಅವನು ಯಾರನ್ನೂ ನೋಡಲಿಲ್ಲ. ಒಬ್ಬನನ್ನು ದಾಟಿದ, ಇನ್ನೊಬ್ಬನ ಕಾಲ ಸಂದಿಯಲ್ಲಿ ಚೆಂಡು ತೂರಿಸಿದ, ಪೂರ್ವದ ಗೋಲಿನ ಮುಂದೆ ಬಂದು ಎಡಗಾಲು ಬೀಸಿದ. ಪಾರ್ಶ್ವಪುರದ ಗೋಲಿ ಹಾರಿದ್ದೂ ಸುಳ್ಳಾಯಿತು. ಬಲೆ ಅಲ್ಲಾಡಿತು. ಕೆಳಪೇಟೆಯ ಜನ ಹುಚ್ಚೆದ್ದು ಕೂಗಿದರು. ಹದಿಮೂರು ಗೋಲು ಬಿದ್ದಿದ್ದು ಯಾರಿಗೂ ನೆನಪಿರಲಿಲ್ಲ. ಅಕ್ಕಯಮ್ಮ ನಗುತ್ತಲೇ ಅಳುತ್ತಿದ್ದಳು. ಹದಿನೆಂಟು ವರ್ಷ ಕಾದಿದ್ದಕ್ಕೆ ಇದೊಂದು ಸಾಕೆನಿಸಿತು ಅವಳಿಗೆ. ಅವಳು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಇಬ್ಬರು ಭಟರು ಯಮನೂರಪ್ಪನ ರಟ್ಟೆ ಹಿಡಿದಿದ್ದರು.

ಮರುದಿನ ಬೆಳಿಗ್ಗೆ ತುಂಬಿದ ಸಭೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಅಸ್ತುಸೇನರು ಓದಿದರು: "ನಮ್ಮ ಬೆಸ್ತರ ಬಲೆಗೆ ಬಿದ್ದ ಮೀನು ಯಾರದು? ನಮ್ಮದು. ಅಂತೆಯೇ ನಮ್ಮ ಬಲೆಗೆ ಬಿದ್ದ ಚೆಂಡೂ ನಮ್ಮದು. ಆದುದರಿಂದ ಕಂದುಕಾವತಿ ಹದಿಮೂರು ಗೋಲುಗಳಿಂದ ವಿಜಯಿಯಾಗಿದೆ. ಪಾರ್ಶ್ವಪುರದವರು ಹೊತ್ತೊಯ್ದ ಪಂದ್ಯದ ಬೆಳ್ಳಿಕಪ್ಪು, ಅತಿಥಿಗಳಿಗೆ ನಾವಿತ್ತ ಉಡುಗೊರೆ."

"ಆದರೆ ಅವರ ಬಲೆಗೆ ಒಂದು ಬಿತ್ತಲ್ಲ?" ಎಂದರು ಪ್ರಭುಗಳು. ಅವರು ಗಮನವಿಟ್ಟು ನೋಡಿದ್ದರು.

"ಅದು ಶತ್ರುವಿನ ಖಾತೆಗೆ ಪ್ರಭು. ನಮ್ಮವನೇ ಹೊಡೆದುಕೊಟ್ಟ. ಅದೂ ತಮಗೆ ಬೆನ್ನು ಹಾಕಿ."

ರಾಜದ್ರೋಹಕ್ಕೆ ಗಡೀಪಾರು. ಯಮನೂರಪ್ಪನಿಗೆ ತೊಡಿಸಿದ್ದ ಶಾಲು, ಪೇಟಗಳನ್ನು ರಸೀದಿ ಕೊಟ್ಟು ವಾಪಸು ಪಡೆದರು. ಸುಕುಮಾರದೇವನಿಗೆ 'ಕ್ರೀಡಾರತ್ನ' ಬಿರುದು ಬಂತು.

ಊರಬಾಗಿಲ ತನಕ ಅಕ್ಕಯಮ್ಮ ಯಮನೂರಪ್ಪನ ಹಿಂದೆ ನಡೆದಳು. "ನನ್ನಿಂದ ಕೆಟ್ಟೆಯಲ್ಲೋ ಮಗಾ. ನಾನು ಬಾಯ್ಮುಚ್ಕೊಂಡು ಇರಬೇಕಿತ್ತು" ಎಂದು ಕಣ್ಣೀರು ಹಾಕಿದಳು.

"ಏ, ಬಿಡ್ರಿ ಯಕ್ಕಾ" ಎಂದ ಅವನು. "ಒದ್ಯಾಕ ಬಂದಿದ್ನಿ, ಒದ್ದೆ. ನಿಮ್ಮೂರಾಗ ಆಡಾಕ ಕಾಲು ಬ್ಯಾಡ್ರಿ, ಬಗ್ಗೂ ಸೊಂಟ ಇದ್ರ ಸಾಕು." ಹಾಗೆಂದು ನಕ್ಕು, ಕಾವಲಿನವರ ನಡುವೆ ನಡೆದು ಹೋದ. ಅಕ್ಕಯಮ್ಮ ಅವನು ಮರೆಯಾಗುವ ತನಕ ನಿಂತಿದ್ದಳು.

ವಾಪಸು ಬರುತ್ತ ಅವಳಿಗೊಂದು ಹೊಳೆಯಿತು. ಸುಳ್ಳೋ ಪಳ್ಳೋ, ನಾವು ಗೆದ್ದಿದ್ದೇವೆಂದು ಅವರೇ ಸಾರಿದ್ದಾರೆ. ಹಾಗಾದರೆ ಬಯಲು ನಮ್ಮದೇ! ನೆಟ್ಟಗೆ ಮಂತ್ರಿಯ ಕಚೇರಿಗೆ ಹೋಗಿ ಕೇಳಿದಳು.

"ನಿಸ್ಸಂದೇಹವಾಗಿ ನಿಮ್ಮದೇ ತಾಯಿ" ಎಂದರು ಅಸ್ತುಸೇನರು. "ರಾಜಾಜ್ಞೆ ಎಂದರೆ ರಾಜಾಜ್ಞೆ. ಸನ್ನಿಧಿಯ ಮಹಿಮೆಯಿಂದ ಹದಿಮೂರು ಗೋಲು ಬಿದ್ದ ಪುಣ್ಯಭೂಮಿ ಅದು. ಅಂಥದ್ದನ್ನು ಕಾಲಲ್ಲಿ ತುಳಿಯಬಹುದೇ? ಸುತ್ತ ಬೇಲಿ ಹಾಕಿ, ಎರಡು ತುದಿಯಲ್ಲೂ ಕಲ್ಲಿನ ಸಿಂಹಾಸನ ಕಟ್ಟಿಸುತ್ತೇವೆ. ಯೋಜನೆಯ ಡಿಪಿಆರ್ ರೆಡಿಯಾಗಿದೆ."

"ಮತ್ತೆ ನಮ್ಮ ಮಕ್ಳು ಎಲ್ಲಾಡೋದು ಸ್ವಾಮಿ?"

"ಗೆದ್ದಾಗಿದೆಯಲ್ಲ ತಾಯಿ, ಇನ್ನೇಕೆ ಆಡುವುದು?"

ಬೇಲಿ ಎದ್ದಿತು. ವಿಜಯೋತ್ಸವದ ದಿನ ಊರಿನವರೆಲ್ಲ ಹಾಜರಿರಬೇಕೆಂದು ಡಂಗುರ ಸಾರಿದರು. ಪ್ರಭುಗಳಿಗೆ 'ಕಂದುಕ ಚಕ್ರವರ್ತಿ' ಎಂದು ಬಿರುದು ಕೊಟ್ಟು, ತಲೆಗೆ ಚಿನ್ನದ ಚೆಂಡಿನ ಕಿರೀಟ ಇಟ್ಟರು. ಬಿದ್ದ ಗೋಲೊಂದಕ್ಕೆ ಒಂದರಂತೆ ಪ್ರಜೆಗಳು ಹದಿಮೂರು ಚಪ್ಪಾಳೆ ತಟ್ಟಬೇಕೆಂದು ಆಜ್ಞೆಯಾಯಿತು. ಬೇಲಿಯ ಹೊರಗೆ ನಿಂತ ಕೆಳಪೇಟೆಯ ಜನ ಎಣಿಸಿ ತಟ್ಟಿದರು. ಹದಿಮೂರು ಮುಗಿದು ಮೈದಾನ ಸ್ತಬ್ಧವಾಯಿತು.

ಆಗ ಅಕ್ಕಯಮ್ಮ ಇನ್ನೊಂದು ಚಪ್ಪಾಳೆ ತಟ್ಟಿದಳು.

ಆಸ್ಥಾನದವರು ಅದೆಲ್ಲಿಂದ ಬಂತೆಂದು ತಿರುಗಿ ನೋಡುವಂತಿರಲಿಲ್ಲ, ಪ್ರಭುಗಳು ಎದುರಿಗಿದ್ದರು. ಅವರಿಗೆ ಕೇಳಿಸಿದ್ದು ಸದ್ದು ಮಾತ್ರ. ಮರುದಿನ ಗೆಜೆಟ್ಟಿನಲ್ಲಿ ಪ್ರಕಟಣೆ ಬಂತು: ನಿಗದಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವರು ತಾವಾಗಿಯೇ ಬಂದು ದಂಡ ಕಟ್ಟತಕ್ಕದ್ದು. ಅಕ್ಕಯಮ್ಮ ಬೆಳಿಗ್ಗೆಯೇ ಸೆರಗಿನ ಗಂಟು ಬಿಚ್ಚಿಕೊಂಡು ಖಜಾನೆಗೆ ಹೋದಳು. ಅಲ್ಲಿ ಅವಳಿಗಿಂತ ಮೊದಲೇ ಕೆಳಪೇಟೆಯ ಜನರೆಲ್ಲ ದಂಡ ಕಟ್ಟಲು ಸಾಲಾಗಿ ನಿಂತಿದ್ದರು.