ಬಸ್ಸು ಬಂದಾಗಿದೆ

ಹೆಂಡತಿ: ಬಂದಿದೆ, ಬಂದಿದೆ ಅಂತೀರಲ್ಲ ಸಾರ್, ಎಲ್ಲಿದೆ ತೋರಿಸಿ!

ಮಾಸ್ಟರು: ತೋರಿಸೋದು ನನ್ನ ಕೆಲಸ ಅಲ್ಲಮ್ಮ. ಬಸ್ ಕಂಪನಿಯವರು ಬಂದಿದೆ ಅಂದ್ರು. ಬಂದಿದೆ ಅಂತ ನಾನು ಮೇಲಿನವರಿಗೆ ಹೇಳ್ದೆ. ಮೇಲಿನವರು ಬಹಳ ಸಂತೋಷ ಅಂದ್ರು. ಇನ್ನೇನಾಗ್ಬೇಕು?

ಹೆಂಡತಿ: ಬಸ್ಸಾಗ್ಬೇಕು! ನಾಲ್ಕು ಚಕ್ರ ಇರುತ್ತಲ್ಲ, ಹತ್ತಿ ಕೂತ್ಕೋಬಹುದಲ್ಲ, ಅದು!

ಸಾಹೇಬರು: ಆರು ಕಣೇ. ಬಸ್ಸಿಗೆ ಹಿಂದೆ ಜೋಡಿ ಚಕ್ರ ಇರುತ್ತೆ.

ಹೆಂಡತಿ: ನೀವು ಬಾಯಿ ಮುಚ್ಕೊಂಡಿದ್ರೆ ಸಾಕು.

ಮಧ್ಯರಾತ್ರಿ ದಾಟಿತ್ತು. ಮುಂದಿನ ಹಳಿ ದುರಸ್ತಿಯಲ್ಲಿದೆಯೆಂದು ರೈಲು ಈ ಸಣ್ಣ ನಿಲ್ದಾಣದಲ್ಲೇ ಎಲ್ಲರನ್ನೂ ಇಳಿಸಿ, ಕೈ ತೊಳೆದುಕೊಂಡು ಹಿಂದಕ್ಕೆ ಹೋಗಿತ್ತು. ಇಲ್ಲಿಂದ ಮುಂದಕ್ಕೆ ರೈಲಿನ ಬದಲು ಬಸ್ಸು ಎಂದು ಟಿಕೆಟ್ ಕೊಡುವಾಗಲೇ ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿದ ಒಂದು ಬಸ್ಸಿನಷ್ಟು ಜನ ಈಗ ವಿಶ್ರಾಂತಿ ಕೋಣೆಯಲ್ಲಿ ಸೂಟ್‌ಕೇಸುಗಳಿಗೆ ಒರಗಿ ಕೂತಿದ್ದರು. ಯಾರ ಮೇಲೆ ರೇಗಬೇಕೆಂದು ತಿಳಿಯದೆ ತಮ್ಮ ತಮ್ಮ ಮಕ್ಕಳ ಮೇಲೆ ರೇಗುತ್ತಿದ್ದರು.

ಈಕೆ ಮಾತ್ರ ಸ್ಟೇಷನ್ ಮಾಸ್ಟರ ಕಿಟಕಿಯ ಮುಂದೆ ನಿಂತು, ರೇಗಬೇಕಾದವರ ಮೇಲೆಯೇ ರೇಗುತ್ತಿದ್ದಳು. ಬೆಳಗಾದರೆ ಮಗಳಿಗೆ ಸಿಸೇರಿಯನ್. ಹೋದ ಸಲ ಆ ಹುಡುಗಿ ಒಬ್ಬಳೇ ಆಪರೇಷನ್ ಕೋಣೆಯ ಒಳಗೆ ಹೋಗಿ, ಬರಿಗೈಯಲ್ಲಿ ಹೊರಗೆ ಬಂದಿದ್ದಳು. ಅವತ್ತೂ ತಾಯಿ ತಲುಪಿದ್ದು ಎಲ್ಲ ಮುಗಿದ ಮೇಲೆ. "ಈ ಸಲ ನಿನ್ನ ಮುಖ ನೋಡದೆ ಒಳಗೆ ಹೋಗಲ್ಲ ಅಮ್ಮ" ಎಂದು ಮಗಳು ಹಟ ಹಿಡಿದಿದ್ದಳು. ಅದು ನೆನಪಾದಾಗಲೆಲ್ಲ ಈಕೆ ಮತ್ತೆ ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

ಇನ್ನು ಪಕ್ಕದಲ್ಲಿದ್ದ ಗಂಡ. ಸಾಹೇಬರು ಎಂದರೆ ಯಾವ ದೊಡ್ಡ ಹುದ್ದೆಯವರೂ ಅಲ್ಲ. ಟ್ರಾಫಿಕ್ ಕಾನ್‌ಸ್ಟೇಬಲ್ ಆಗಿ ಜೀವಮಾನವಿಡೀ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ನಿವೃತ್ತರಾದವರು. 'ಸೀಟಿ ಸಾಹೇಬರು' ಎಂಬುದು ಬೀದಿಯವರು ಇಟ್ಟ ಹೆಸರು. ನಿವೃತ್ತಿಯಾದದ್ದು ಕೆಲಸಕ್ಕೆ ಮಾತ್ರ, ಕೈಗೆ ಇನ್ನೂ ಆಗಿರಲಿಲ್ಲ. ಮಗಳ ಮದುವೆಯ ದಿನ ಬಾಗಿಲಿಗೆ ಅಡ್ಡ ನಿಂತಿದೆಯೆಂದು ಬೀಗರ ಕಾರನ್ನೇ ಊರಾಚೆಗೆ ಸಾಗಹಾಕಿದ್ದರು. ಗಂಡಿನ ತಾಯಿ ಅದರೊಳಗೆ ಮಲಗಿದ್ದರು. ಅವತ್ತೇ ಹೆಂಡತಿ ಮಗಳ ತಲೆಯ ಮೇಲೆ ಕೈ ಇಡಿಸಿ, ಇನ್ನು ಯಾರ ಗಾಡಿಯ ತಂಟೆಗೂ ಹೋಗುವುದಿಲ್ಲವೆಂದು ಆಣೆ ಮಾಡಿಸಿದ್ದಳು. ಖಾಕಿ ಕೋಟು ಮತ್ತು ಕೊರಳಿನ ಸೀಟಿಯನ್ನು ಬಿಡಿಸಲು ಅವಳಿಂದಲೂ ಆಗಿರಲಿಲ್ಲ.

ಮಾಸ್ಟರು: ನೋಡಿಮ್ಮ, ಹೀಗೆ ಕಿಟಕಿ ಹತ್ರ ಬಂದು ಕೇಳೋ ಹಾಗಿಲ್ಲ. ವಿಷಯ ಏನಿದ್ರೂ ಮೈಕಲ್ಲಿ ಹೇಳ್ತೀನಿ.

ಹೆಂಡತಿ: ನಿಮ್ಮ ಎದುರಿಗೇ ನಿಂತಿದ್ದೀನಲ್ಲ ಸಾರ್, ಬಾಯಲ್ಲೇ ಹೇಳಿ.

ಮಾಸ್ಟರು: ಬಾಯಲ್ಲಿ ಹೇಳಿದ್ದಕ್ಕೆ ನಾನು ಜವಾಬ್ದಾರ ಅಲ್ಲ.

ಸ್ಟೇಷನ್ ಮಾಸ್ಟರು ಎದ್ದು, ಟೋಪಿ ಸರಿಮಾಡಿಕೊಂಡು, ಪಕ್ಕದ ಕೋಣೆಗೆ ಹೋದರು. ಮರುಕ್ಷಣ ತಲೆಯ ಮೇಲಿನ ಧ್ವನಿವರ್ಧಕ ಕೆಮ್ಮಿತು. "ಪ್ರಯಾಣಿಕರ ಗಮನಕ್ಕೆ. ಬದಲಿ ಬಸ್ಸು ಬಂದಿದೆ ಎಂದು ತಿಳಿದುಬಂದಿದೆ. ಬಸ್ಸು ಬರುವವರೆಗೆ ಯಾರೂ ಕೋಣೆಯಿಂದ ಹೊರಗೆ ಸುಳಿಯಕೂಡದು." ಮಲಗಿದ್ದ ಮಗುವೊಂದು ಎದ್ದು ಅಳತೊಡಗಿತು. ಮಾಸ್ಟರು ವಾಪಸು ಬಂದು ಕಿಟಕಿಯ ಹಿಂದೆ ಕೂತರು.

ಮಾಸ್ಟರು: ಕೇಳಿಸ್ತಾ?

ಹೆಂಡತಿ: ಕೇಳಿಸ್ತು. ಬಂದಿರೋ ಬಸ್ಸು ಬರೋವರೆಗೂ ಕಾಯ್ಬೇಕು ಅಂತ.

ಮಾಸ್ಟರು: ಅಷ್ಟೇ. ಹಾಗೆ ನೋಡಿದ್ರೆ ನೀವೆಲ್ಲ ಇಲ್ಲಿ ಇಲ್ವೇ ಇಲ್ಲ. ಬಸ್ಸು ಬಂದಿದೆ ಅಂದ್ಮೇಲೆ ಹೊರಟಿದೆ ಅಂತ್ಲೇ ಲೆಕ್ಕ. ಅರ್ಧ ದಾರೀಲಿದ್ದೀರಿ ನೀವು.

ಹೆಂಡತಿ: ಹಾಗಾದ್ರೆ ನನ್ನ ಮಗಳಿಗೆ ಒಂದು ಫೋನ್ ಮಾಡಿ, ನಿಮ್ಮಮ್ಮ ಅರ್ಧ ದಾರೀಲಿದ್ದಾಳೆ ಅಂತ ಹೇಳ್ತೀರಾ?

ಸಾಹೇಬರು: ಮಾಸ್ಟರ ಮೇಲೆ ಯಾಕೆ ಹಾಯ್ತೀಯೇ? ಸರ್ಕಾರಿ ಕೆಲಸ ಅಂದ್ರೆ ಅದಕ್ಕೊಂದು ಶಿಸ್ತು ಇರುತ್ತೆ. ಬಸ್ಸಿನೋನು ಬೇಜವಾಬ್ದಾರಿ ಮನುಷ್ಯ. ನಮ್ಮ ಕಾಲದಲ್ಲಿ ಇಂಥೋನು ನನ್ನ ಕೈಗೆ ಸಿಕ್ಕಿದ್ರೆ ನೀರಿಳಿಸಿಬಿಡ್ತಿದ್ದೆ.

ಮಾಸ್ಟರು: ಇವರು ತಿಳಿದೋರು ನೋಡಿ. ಇರಿ, ಸಾಹೇಬ್ರ ಮುಖ ನೋಡಿ ಇನ್ನೊಂದ್ಸಲ ಆ ಡ್ರೈವರ್‌ಗೆ ಫೋನ್ ಮಾಡ್ತೀನಿ.

ಮಾಸ್ಟರು ಫೋನ್ ಕಿವಿಗೆ ಹಿಡಿದರು. ಆಗ ಎಲ್ಲಿಂದಲೋ ಗುಂಯ್ ಎಂಬ ಸದ್ದು ಬಂತು. ಹೆಂಡತಿ ಅತ್ತಿತ್ತ ನೋಡಿದಳು.

ಹೆಂಡತಿ: ಏನ್ರೀ ಅದು ಸದ್ದು?

ಸಾಹೇಬರು: ಯಾವ ಸದ್ದು? ಸೊಳ್ಳೆ ಇರ್ಬೇಕು.

ಮಾಸ್ಟರು: ರಿಂಗ್ ಆಗ್ತಿದೆ. ಎತ್ತುತ್ತಾ ಇಲ್ಲ, ಲೋಫರ್.

ಸಾಹೇಬರು: ಡ್ಯೂಟಿ ಮೇಲಿರೋ ಡ್ರೈವರ್ ಫೋನ್ ಎತ್ತಬಾರದು ಮಾಸ್ಟರೇ. ಅದು ಕಾನೂನು.

ಫೋನ್ ಇಟ್ಟರು. ಸೊಳ್ಳೆಯೂ ಸುಮ್ಮನಾಯಿತು. ಹೆಂಡತಿ ಗಂಡನ ಕಡೆಗೆ ಒಂದು ಹೆಜ್ಜೆ ಹತ್ತಿರ ಸರಿದಳು. ಗಂಡ ಒಂದು ಹೆಜ್ಜೆ ದೂರ ಸರಿದರು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಆ ಒಂದು ಹೆಜ್ಜೆ ಸಾಕಾಗಿತ್ತು.

ಹೆಂಡತಿ: ಸಾರ್, ಇನ್ನೊಂದ್ಸಲ ಮಾಡಿ.

ಸಾಹೇಬರು: ಪಾಪ, ಎಷ್ಟು ಸಲ ಮಾಡ್ತಾರೆ? ಅವರ ದುಡ್ಡೇನು ಮರದಲ್ಲಿ ಬಿಡುತ್ತಾ?

ಹೆಂಡತಿ: ಮಾಡಿ ಸಾರ್.

ಗುಂಯ್ ಎಂದಿತು. ಈ ಸಲ ಹೆಂಡತಿ ಖಾಕಿ ಕೋಟಿನ ಎದೆಗೆ ನೇರವಾಗಿ ಕಿವಿಯಿಟ್ಟಳು. ಮದುವೆಯಾದ ಹೊಸದರಲ್ಲಿ ಹಾಗೆ ಕಿವಿಯಿಟ್ಟದ್ದುಂಟು. ಆಗ ಅಲ್ಲಿ ಬೇರೆಯದೇ ಸದ್ದಿತ್ತು.

ಹೆಂಡತಿ: ಸೊಳ್ಳೆ ನಿಮ್ಮ ಒಳಜೇಬಲ್ಲಿ ಮನೆ ಮಾಡಿದ್ಯಾ?

ಸಾಹೇಬರು: ಅದು... ನನ್ನ ಫೋನು.

ಹೆಂಡತಿ: ನಿಮ್ಮ ಫೋನು ನನ್ನ ಚೀಲದಲ್ಲಿದೆ. ತೆಗೀರಿ ಹೊರಗೆ!

ಸಾಹೇಬರು ತೆಗೆಯಲಿಲ್ಲ, ಆಕೆಯೇ ಕೈಹಾಕಿ ತೆಗೆದಳು. ಕೆಂಪು ಕವಚದ ಫೋನು ಅವಳ ಅಂಗೈಯಲ್ಲಿ ನಡುಗುತ್ತಿತ್ತು. ಪರದೆಯ ಮೇಲೆ 'ಸ್ಟೇಷನ್ ಮಾಸ್ಟರ್' ಎಂದು ಹೆಸರು ಬೆಳಗುತ್ತಿತ್ತು. ಆಕೆ ಗುಂಡಿ ಒತ್ತಿ ಕಿವಿಗಿಟ್ಟುಕೊಂಡಳು.

ಮಾಸ್ಟರು (ಫೋನಿನಲ್ಲಿ): ಹಲೋ! ಎತ್ತಿದ್ಯೇನೋ ಕೊನೆಗೂ? ಎಲ್ಲಿ ಸತ್ತಿದ್ದೀಯ?

ಹೆಂಡತಿ: ನಿಮ್ಮ ಕಿಟಕಿ ಮುಂದೆ, ಸಾರ್.

ಮಾಸ್ಟರು ತಲೆಯೆತ್ತಿ ನೋಡಿದರು. ಫೋನನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು.

ಮಾಸ್ಟರು: ನೀವಾ ಡ್ರೈವರ್ರು?

ಹೆಂಡತಿ: ಥೂ, ಸುಮ್ನಿರಿ ಸಾರ್! ರೀ, ಬಾಯಿ ಬಿಡಿ. ಯಾರದು ಇದು?

ಸಾಹೇಬರು: ವಶಪಡಿಸಿಕೊಂಡಿದ್ದು.

ಹೆಂಡತಿ: ಏನಂದ್ರಿ?

ಸಾಹೇಬರು: ಸ್ಟೀರಿಂಗ್ ಮುಂದೆ ಕೂತು ಫೋನಲ್ಲಿ ಹರಟ್ತಿದ್ದ ಕಣೇ! ಕಣ್ಣಾರೆ ಕಂಡು ಬಿಡೋಕಾಗುತ್ತಾ? ಬೆಳಿಗ್ಗೆ ವಾಪಸ್ ಕೊಡ್ತೀನಿ ಅಂತ ಹೇಳ್ದೆ. ನಾನೇನು ಕದ್ದಿದ್ದಲ್ಲ. ಬೇರೆಯವರ ಫೋನು ಅಂತ ಎತ್ತಿ ಮಾತು ಕೂಡ ಆಡ್ಲಿಲ್ಲ.

ಹೆಂಡತಿಗೆ ಈಗ ನೆನಪಾಯಿತು. ರೈಲು ಸದ್ದು ಮಾಡುತ್ತ ಹಿಂದಕ್ಕೆ ಹೊರಳುತ್ತಿದ್ದ ಹೊತ್ತಿನಲ್ಲಿ ಗಂಡ "ಕೈಕಾಲು ಆಡಿಸಿ ಬರ್ತೀನಿ" ಎಂದು ಹೊರಗೆ ಹೋಗಿದ್ದರು. ಬರುವಾಗ ಮುಖದ ತುಂಬ ಕಳೆಯಿತ್ತು. ಮಗಳೊಡನೆ ಫೋನಿನಲ್ಲಿದ್ದ ಈಕೆ, ತಾತನಾಗುವ ಸಂತೋಷವಿರಬೇಕು, ಪಾಪ, ಎಂದುಕೊಂಡಿದ್ದಳು.

ಹೆಂಡತಿ: ಆಣೆ ಮಾಡಿದ್ರಿ ನೀವು!

ಸಾಹೇಬರು: ಆಣೆ ಮಾಡಿದ್ದು ಸರಿ. ಆದ್ರೆ ಇದು ಮಗಳಿಗೋಸ್ಕರಾನೇ ಮಾಡಿದ್ದು! ಬಸ್ಸು ಬಂದ್ರೆ ನಿಲ್ಲೋಕೆ ಜಾಗ ಬೇಡ್ವಾ? ಹೊರಗೆ ಹೋಗಿ ನೋಡ್ತೀನಿ, ಅಂಗಳದ ತುಂಬ ಕಂಡಕಂಡ ಗಾಡಿಗಳು. ಒಂದೊಂದನ್ನೇ ಸಾಗಹಾಕಿದೆ. ಈಗ ಹೋಗಿ ನೋಡು, ಒಂದು ಗಾಡಿ ಇಲ್ಲ.

ಹೆಂಡತಿ: ಯಾವ್ಯಾವ ಗಾಡಿ?

ಸಾಹೇಬರು: ಎರಡು ಆಟೋ. ಒಂದು ಹಾಲಿನ ವ್ಯಾನು. ಆಮೇಲೆ... ಇನ್ನೊಂದು.

ಹೆಂಡತಿ: ಇನ್ನೊಂದು ಎಷ್ಟು ದೊಡ್ಡದು?

ಸಾಹೇಬರು: ದೊಡ್ಡದು ಅಂದ್ರೆ... ಉದ್ದಕ್ಕಿತ್ತು.

ಹೆಂಡತಿ: ಒಳಗೆ ಸೀಟಿದ್ವಾ?

ಸಾಹೇಬರು: ಸೀಟಿದ್ರೇನು, ಜನ ಇರ್ಲಿಲ್ವಲ್ಲ!

ಹೆಂಡತಿ: ಜನ ನಾವು ಕಣ್ರೀ! ನಾವು!

ವಿಶ್ರಾಂತಿ ಕೋಣೆಯಲ್ಲಿ ಸೂಟ್‌ಕೇಸುಗಳಿಗೆ ಒರಗಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಇಷ್ಟು ಹೊತ್ತು ಯಾರ ಮೇಲೆ ರೇಗಬೇಕೆಂದು ತಿಳಿಯದೆ ಒದ್ದಾಡಿದವರ ಮುಖದಲ್ಲಿ ನೆಮ್ಮದಿ ಮೂಡಿತು.

ಸಾಹೇಬರು: ಬೋರ್ಡಿರ್ಲಿಲ್ಲ ಅದಕ್ಕೆ! ಒಳಗೆ ದೀಪ ಇಲ್ಲ! ಯಾವುದೋ ಬಾಡಿಗೆ ಗಾಡಿ. ಅವನಾದ್ರೂ ನಾನೇ ಆ ಬಸ್ಸು ಅಂತ ಒಂದು ಮಾತು ಹೇಳ್ಬೇಕೋ ಬೇಡ್ವೋ?

ಹೆಂಡತಿ: ಹೇಳೋಕೆ ಬಿಟ್ರಾ?

ಸಾಹೇಬರು: ಏನೋ ಹೇಳೋಕೆ ಬಂದ... ಎದುರು ಮಾತಾಡ್ಬೇಡ, ಮೊದಲು ಗಾಡಿ ತೆಗಿ ಅಂದೆ.

ಮಾಸ್ಟರು: ಅಯ್ಯೋ ಸಾಹೇಬ್ರೇ! ಎಲ್ಲಿಗೆ ಕಳಿಸಿದ್ರಿ?

ಸಾಹೇಬರು: ಗೋಡೌನ್ ಹಿಂದಕ್ಕೆ. ಅಲ್ಲಿ ಯಾರಿಗೂ ಅಡ್ಡ ಆಗಲ್ಲ.

ಮಾಸ್ಟರು: ಹಾಗಾದ್ರೆ ಬಸ್ಸು ಬಂದಿದೆ! ನಾನು ಹೇಳಿದ್ದು ಸರಿಯಾಗೇ ಇತ್ತು! ಬರ್ಕೊಳ್ಳಿ ಬೇಕಾದ್ರೆ, ನಾನು ಮೊದಲಿಂದ ಅದನ್ನೇ ಹೇಳ್ತಿದ್ದೀನಿ!

ಹೆಂಡತಿ ಅವರ ಸಂಭ್ರಮವನ್ನು ಅಲ್ಲಿಗೇ ಬಿಟ್ಟು, ಚೀಲವನ್ನು ಹೆಗಲಿಗೇರಿಸಿ, ಗಂಡನ ತೋಳು ಹಿಡಿದೆಳೆದುಕೊಂಡು ಹೊರಟಳು. ಹಿಂದೆ ಒಂದು ಬಸ್ಸಿನಷ್ಟು ಜನ ಬಂದರು. ಸಾಹೇಬರು ಹೇಳಿದ್ದು ಸುಳ್ಳಲ್ಲ, ಅಂಗಳ ಗುಡಿಸಿಟ್ಟಂತೆ ಖಾಲಿಯಾಗಿತ್ತು. ಗೋಡೌನಿನ ಹಿಂದೆ, ಗೋಡೆಗೆ ಒತ್ತಿಕೊಂಡು, ದೀಪವಿಲ್ಲದೆ, ಒಂದು ಇಡೀ ಬಸ್ಸು ಕಳ್ಳನ ಹಾಗೆ ನಿಂತಿತ್ತು. ಡ್ರೈವರ್ ಎರಡೂ ಕೈಯನ್ನು ಸ್ಟೀರಿಂಗ್ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ.

ಹೆಂಡತಿ: ಏನಪ್ಪಾ, ನೀನು ರೈಲಿನವರನ್ನ ಕರ್ಕೊಂಡು ಹೋಗೋಕೆ ಬಂದೋನಾ?

ಡ್ರೈವರ್: ಹೂಂ ಅಕ್ಕ. ಬಂದು ಎಷ್ಟು ಹೊತ್ತಾಯ್ತು!

ಹೆಂಡತಿ: ಒಳಗೆ ಬಂದು ಒಂದು ಮಾತು ಹೇಳೋಕಾಗ್ಲಿಲ್ವಾ?

ಡ್ರೈವರ್: ಹೆಂಗೆ ಬರ್ಲಿ ಅಕ್ಕ? ಪೊಲೀಸ್ ಸಾಹೇಬ್ರು, ಸೀಟಿ ಹೊಡೆಯೋವರೆಗೂ ಗಾಡಿಯಿಂದ ಇಳಿದ್ರೆ ಲೈಸೆನ್ಸ್ ಕಿತ್ತು ಹಾಕ್ತೀನಿ ಅಂದ್ರು. ನೀರು ಕುಡಿಯೋಕೂ ಇಳಿದಿಲ್ಲ ನಾನು.

ಹೆಂಡತಿ: ಸರಿ, ಈಗ ಹೊರಡು. ಬೆಳಗಾಗೋದ್ರೊಳಗೆ ನಾನು ಆಸ್ಪತ್ರೇಲಿರ್ಬೇಕು.

ಡ್ರೈವರ್: ಬೆಳಕು ಹರಿಯೋದ್ರೊಳಗೆ ಮುಟ್ಟಿಸ್ತೀನಿ. ಆದ್ರೆ ಸೀಟಿ ಆಗ್ಬೇಕಲ್ಲಕ್ಕ. ಹೆಂಡತಿ ಮಕ್ಕಳಿರೋನು ನಾನು.

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಸಾಹೇಬರು ಎದೆ ಸೆಟೆಸಿ, ಕೋಟು ಜಗ್ಗಿ, ಬಸ್ಸಿನ ಹಿಂದೆ ಮುಂದೆ ನೋಡಿ, ಸೀಟಿಗೆ ಕೈ ಹಾಕಿದರು. ಅಷ್ಟರಲ್ಲಿ ಹೆಂಡತಿ ದಾರವನ್ನು ತಲೆಯ ಮೇಲಿಂದ ಎಳೆದುಕೊಂಡಾಗಿತ್ತು. ಬಾಯಿಗಿಟ್ಟು ಊದಿದಳು. ಹೋದ ಸಲದ ಸಂಕಟ, ಈ ರಾತ್ರಿಯ ಕೋಪ, ಮೂವತ್ತು ವರ್ಷದ ಸಂಸಾರ, ಎಲ್ಲವೂ ಆ ಉಸಿರಿನಲ್ಲಿತ್ತು. ಡ್ರೈವರ್ ಬೆಚ್ಚಿ ಗೇರ್ ಹಾಕಿದ. ಜನ ಹೋ ಎಂದು ಹತ್ತಿಕೊಂಡರು.

ಸಾಹೇಬರು: ಹಾಗೆ ಒಂದೇ ಉಸಿರಿಗೆ ಊದಬಾರದು ಕಣೇ. ಹೊರಡು ಅನ್ನೋಕೆ ಎರಡು ಚಿಕ್ಕದು, ಒಂದು—

ಹೆಂಡತಿ: ಎದುರು ಮಾತಾಡ್ಬೇಡಿ. ಹಿಂದಿನ ಸೀಟು. ಕಿಟಕಿ ಕಡೆ ಅಲ್ಲ, ಹೊರಗೆ ನೋಡಬಾರದು ನೀವು.

ಸಾಹೇಬರು ಹಿಂದಿನ ಸೀಟಿಗೆ ಹೋದರು. ಡ್ರೈವರ್‌ಗೆ ಅವನ ಫೋನು ಸೇರಿತು. ಬಸ್ಸು ಅಂಗಳ ದಾಟುವಾಗ ಖಾಲಿ ನಿಲ್ದಾಣದ ಧ್ವನಿವರ್ಧಕ ಕೆಮ್ಮಿ, ಯಾರೂ ಇಲ್ಲದ ವಿಶ್ರಾಂತಿ ಕೋಣೆಗೆ ಗಂಭೀರವಾಗಿ ತಿಳಿಸಿತು: "ಪ್ರಯಾಣಿಕರ ಗಮನಕ್ಕೆ. ಬದಲಿ ಬಸ್ಸು ಬಂದಿದೆ. ಪ್ರಯಾಣಿಕರು ಈಗ ಹೊರಗೆ ಬರಬಹುದು."

ಚೀಲದಲ್ಲಿದ್ದ ಫೋನು ಹಾಡಿತು. ಮಗಳು. ದನಿ ಸಣ್ಣಗಿತ್ತು, ಅತ್ತು ಮುಗಿಸಿದವಳ ಹಾಗಿತ್ತು.

ಮಗಳು: ಅಮ್ಮಾ, ಹೊರಟ್ಯಾ?

ಹೆಂಡತಿ: ಹೊರಟೆ ಕಂದ. ಬಸ್ಸಲ್ಲೇ ಇದ್ದೀನಿ. ಬೆಳಕು ಹರಿಯೋ ಹೊತ್ತಿಗೆ ನಿನ್ನ ಮಂಚದ ಪಕ್ಕದಲ್ಲಿರ್ತೀನಿ. ನಾನು ಬರದೆ ನಿನ್ನ ಒಳಗೆ ಕಳಿಸಲ್ಲ, ಆಯ್ತಾ?

ಮಗಳು: ಇಷ್ಟು ಹೊತ್ತು ಯಾಕಾಯ್ತಮ್ಮ? ಈ ಅಪರಾತ್ರೀಲೂ ರಸ್ತೆ ತುಂಬ ಗಾಡಿಗಳಿದ್ವಾ?

ಹೆಂಡತಿ ಹಿಂದಕ್ಕೆ ತಿರುಗಿ ನೋಡಿದಳು. ಸಾಹೇಬರು ಕೈ ಜೋಡಿಸಿ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು.

ಹೆಂಡತಿ: ಇಲ್ಲ ಕಣೇ, ರಸ್ತೆಯೆಲ್ಲ ಖಾಲಿ ಇತ್ತು. ನಿಮ್ಮಪ್ಪ ಒಬ್ಬರೇ ಇದ್ರು.